ಚೇಳೂ ಬೇಕು, ಟಿ-ಜೆಟ್ಟೂ ಬೇಕು, ಇರೋದು ಆರು ಲಕ್ಷ

ಸುಟ್ಟುಹೋದ ಸಬ್‌ಮರ್ಸಿಬಲ್ ಮೋಟರ್ ಬಿಚ್ಚಿ ರಿವೈಂಡಿಂಗ್ ಮಾಡೋದು ನನ್ನ ಕಸುಬು. ತುಮಕೂರಿನ ಗುಬ್ಬಿ ಗೇಟ್ ಹತ್ತಿರ ಇಪ್ಪತ್ತೆರಡು ವರ್ಷದಿಂದ ಅಂಗಡಿ. ಇಂಥವನಿಗೆ ಇಟಲಿ ಕಾರಿನ ಹುಚ್ಚು ಎಲ್ಲಿಂದ ಬಂತು ಅಂತ ಕೇಳುವವರಿಗೆ ನಾನು ಅಪ್ಪನ ಕಡೆ ಬೆರಳು ತೋರಿಸುತ್ತೇನೆ. ಎಚ್‌ಎಂಟಿ ವಾಚ್ ಕಾರ್ಖಾನೆಯಲ್ಲಿದ್ದಾಗ ಅವರು ಒಂದು ಪ್ರೀಮಿಯರ್ ಪದ್ಮಿನಿ ಇಟ್ಟಿದ್ದರು. ಸ್ಟೀರಿಂಗ್ ಪಕ್ಕದಲ್ಲೇ ಗೇರು, ಉದ್ದ ಸೀಟು, ಮಳೆಗಾಲದಲ್ಲಿ ಕಾಲ ಹತ್ತಿರ ಸಣ್ಣ ಕೆರೆ. ನಮ್ಮ ಬೀದಿಯಲ್ಲಿ ಅದನ್ನು ಯಾರೂ ಪದ್ಮಿನಿ ಅನ್ನಲಿಲ್ಲ, ಫಿಯಟ್ ಅಂತಲೇ ಅಂದರು. ಅದು ಫಿಯಟ್ 1100ರದೇ ಅಚ್ಚು ಅನ್ನೋದು ಎಲ್ಲರಿಗೂ ಗೊತ್ತಿತ್ತು.

2024ರ ದಸರಾ ಹೊತ್ತಿಗೆ ಕೈಯಲ್ಲಿ ಆರು ಲಕ್ಷ ಸೇರಿತು. ಬಾಮೈದ ಬಂದವನು, "ಭಾವ, ಈ ದುಡ್ಡಿಗೆ ಸಣ್ಣ ಹೊಸ ಕಾರು ಬತ್ತದೆ, ಸುಮ್ನೆ ತಗಳ್ಳಿ" ಅಂದ. ಅವನ ಮಾತು ಸರಿಯಾಗಿಯೇ ಇತ್ತು. ಕೇಳುವ ಸ್ಥಿತಿಯಲ್ಲಿ ನಾನಿರಲಿಲ್ಲ.

ಇಟಲಿ ಸ್ಪೋರ್ಟ್ಸ್ ಕಾರು ಅಂದರೆ ಕುದುರೆ ಗುರುತಿನದು, ಗೂಳಿ ಗುರುತಿನದು ಅಂತ ನೀವು ಅಂದುಕೊಂಡರೆ ಅವೆರಡನ್ನೂ ನಾನೂ ಫೋಟೋದಲ್ಲೇ ನೋಡಿರೋದು. ನನ್ನ ಜೇಬಿಗೆ ನಿಲುಕುವುದು ಪುಣೆ ಹತ್ತಿರದ ರಂಜನ್‌ಗಾಂವ್‌ನಲ್ಲಿ ತಯಾರಾದ ಫಿಯಟ್‌ನ ಎರಡು ಗಾಡಿ, ಅದೂ ಸೆಕೆಂಡ್ ಹ್ಯಾಂಡ್. ಒಂದು, 2015ರ ಅಕ್ಟೋಬರಿನಲ್ಲಿ ಬಂದ ಅಬಾರ್ತ್ ಪುಂಟೊ. ಇನ್ನೊಂದು, 2010ರಲ್ಲಿ ಬಂದ ಲಿನಿಯಾ ಟಿ-ಜೆಟ್. ಮೂರನೆಯದಾಗಿ ಶಿರಾದಲ್ಲಿ ಹಳೇ ಪಾಲಿಯೊ 1.6 ಒಂದಿತ್ತು. ಮ್ಯಾಟ್ ಎತ್ತಿದರೆ ನೆಲ ಕಂಡಿತು. ಕಾರಿನ ನೆಲ ಅಲ್ಲ, ಭೂಮಿ. ಬಿಟ್ಟು ಬಂದೆ.

ಲಿನಿಯಾ ನಾಲ್ಕು ಬಾಗಿಲಿನ ಸೆಡಾನ್, ಅದನ್ನು ಸ್ಪೋರ್ಟ್ಸ್ ಕಾರು ಅಂದರೆ ನಗುವವರಿದ್ದಾರೆ. ನಗಲಿ. ಎರಡರ ಬಾನೆಟ್ ಎತ್ತಿ ನೋಡಿದರೆ ಒಳಗಿರುವುದು ಒಂದೇ ಮನೆತನದ 1368 ಸಿಸಿ ಟರ್ಬೊ ಪೆಟ್ರೋಲ್ ಎಂಜಿನ್, ಟಿ-ಜೆಟ್ ಅನ್ನೋದು ಅದರ ಹೆಸರೇ. ಟರ್ಬೊ ಅಂದರೆ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು. ನಾಲ್ಕು ಚಕ್ರಕ್ಕೂ ಡಿಸ್ಕ್ ಬ್ರೇಕ್, ಹೈಡ್ರಾಲಿಕ್ ಸ್ಟೀರಿಂಗ್, ಐದು ಗೇರು, ಎರಡರಲ್ಲೂ. ಬೇರೆಯಾಗುವುದು ಪುಂಟೊ ಮೇಲಿನ ಲಾಂಛನ, ಅಬಾರ್ತ್ ಚೇಳು. ಅದರ ಹಿಂದೊಂದು ಕತೆಯಿದೆ: ಅಬಾರ್ತ್ ಕಂಪನಿ ಕಟ್ಟಿದ ಕಾರ್ಲೊ ಅಬಾರ್ತ್ ವಿಯೆನ್ನಾದಲ್ಲಿ 1908ರ ನವೆಂಬರ್ 15ರಂದು ಹುಟ್ಟಿದವನು, ಅವರ ಲೆಕ್ಕಕ್ಕೆ ವೃಶ್ಚಿಕ ರಾಶಿ, ಅದಕ್ಕೇ ಚೇಳು. ಅಲ್ಲಿ ಸೂರ್ಯನ ಲೆಕ್ಕ, ನಮ್ಮಲ್ಲಿ ಚಂದ್ರನ ಲೆಕ್ಕ. ನಮ್ಮ ಜೋಯಿಸರ ಕೈಗೆ ಸಿಕ್ಕಿದ್ದರೆ ಆ ಕಾರಿನ ಮೇಲೆ ಏಡಿಯೋ ಮೇಕೆಯೋ ಕೂತಿರುತ್ತಿತ್ತೇನೋ.

ಅಬಾರ್ತ್ ಸಿಕ್ಕಿದ್ದು ಬೆಂಗಳೂರಿನ ಯಶವಂತಪುರದ ಕಡೆ. 2016ರದು, ಬಿಳಿ ಬಣ್ಣ, 48 ಸಾವಿರ ಕಿಲೋಮೀಟರ್. ಸಾಫ್ಟ್‌ವೇರ್ ಹುಡುಗ, ಬಲು ಮರ್ಯಾದಸ್ಥ. ಹೇಳಿದ ಬೆಲೆ 6.20 ಲಕ್ಷ. ಲಿನಿಯಾ ಸಿಕ್ಕಿದ್ದು ತಿಪಟೂರಿನಲ್ಲಿ, ನಿವೃತ್ತ ಲೆಕ್ಚರರ್ ಒಬ್ಬರ ಮನೆಯಲ್ಲಿ. 2012ರದು, ಕೆಎ-44, 71 ಸಾವಿರ ಓಡಿತ್ತು, 2.45 ಕೇಳಿದರು. ಪುಣೆಯಲ್ಲಿ ಇನ್ನೊಂದು ಅಬಾರ್ತ್ ಕಮ್ಮಿಗೆ ಇತ್ತು. ಆದರೆ ಹೊರರಾಜ್ಯದ ಗಾಡಿ ಅಂದರೆ ಅಲ್ಲಿಯ ಆರ್‌ಟಿಒ ಎನ್‌ಒಸಿ, ಇಲ್ಲಿ ಮತ್ತೆ ಲೈಫ್‌ಟೈಮ್ ಟ್ಯಾಕ್ಸು, ಹೊಸ ನಂಬರು. ಉಳಿಸಿದ್ದೆಲ್ಲ ಕೌಂಟರಿನಲ್ಲೇ ಹೋಗುತ್ತದೆ.

ಇಬ್ಬರಿಗೂ ಹಿಂದಿನ ರಾತ್ರಿಯೇ ಫೋನ್ ಮಾಡಿ ಒಂದೇ ಮಾತು ಹೇಳಿದೆ: ನಾನು ಬರೋವರೆಗೆ ಗಾಡಿ ಸ್ಟಾರ್ಟ್ ಮಾಡಬೇಡಿ. ಬಿಸಿಯಾದ ಎಂಜಿನ್ ಸುಳ್ಳು ಹೇಳುತ್ತದೆ. ರಿಪೇರಿಗೆ ಬಂದ ಮೋಟರ್ ವಿಷಯದಲ್ಲೂ ಅಷ್ಟೇ, ತಣ್ಣಗಿದ್ದಾಗ ಇನ್ಸುಲೇಷನ್ ನೋಡಿದರೆ ಒಂದು ಲೆಕ್ಕ, ಓಡಿಸಿ ತಂದಾಗ ಇನ್ನೊಂದು. ಹೋದ ಕೂಡಲೇ ಬಾನೆಟ್ ಮೇಲೆ ಅಂಗೈ ಇಟ್ಟೆ. ಎರಡೂ ತಣ್ಣಗಿದ್ದವು. ಸ್ಟಾರ್ಟ್ ಮಾಡಿ, ನಾಲ್ಕೈದು ನಿಮಿಷ ಐಡ್ಲಿಂಗ್ ಬಿಟ್ಟು, ಆಮೇಲೆ ಒಮ್ಮೆ ಜೋರಾಗಿ ಆಕ್ಸಿಲರೇಟರ್ ಒತ್ತಿಸಿ ಸೈಲೆನ್ಸರ್ ಹಿಂದೆ ನಿಂತೆ. ನೀಲಿ ಹೊಗೆ ಬಂದರೆ ಟರ್ಬೊ ಸೀಲು ಆಯಿಲ್ ಕುಡಿಯುತ್ತಿದೆ ಅಂತ ಅರ್ಥ. ಎರಡರಲ್ಲೂ ಬರಲಿಲ್ಲ. ಟರ್ಬೊ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ಗೆ ಹೋಗುವ ಪೈಪಿನ ಕ್ಲಿಪ್ಪು ಸಡಿಲಿಸಿ ಒಳಗೆ ಬೆರಳಾಡಿಸಿದೆ. ಎಣ್ಣೆಯ ಪಸೆ ಇದ್ದರೆ ಇರಲಿ, ನಿಂತ ಎಣ್ಣೆ ಇರಬಾರದು. ಇರಲಿಲ್ಲ.

ಬಟ್ಟೆ ಸುತ್ತಿದ ಸಣ್ಣ ಅಯಸ್ಕಾಂತ ಜೇಬಲ್ಲಿತ್ತು. ಸ್ಪೀಕರಿನದು, ಅಂಗಡಿಯಲ್ಲಿ ಬಿದ್ದಿತ್ತು. ಲಿನಿಯಾದ ಎಡಗಡೆ ಹಿಂಬಾಗಿಲಿಗೆ ಅದು ಅಂಟಲೇ ಇಲ್ಲ. ತಗ್ಗು ಮುಚ್ಚಲು ಪಟ್ಟಿ (ಪುಟ್ಟಿ) ಮೆತ್ತಿದ ಜಾಗ. ಮೇಷ್ಟ್ರು ಮುಖ ಸಣ್ಣಗೆ ಮಾಡಿಕೊಂಡು, "ನಮ್ಮನೆ ಗೇಟೇ ಕಣಪ್ಪ, ರಿವರ್ಸ್ ತೆಗೆಯೋವಾಗ" ಅಂದರು. ಆಮೇಲೆ ಕಬ್ಬಿಣದ ಬೀರು ತೆರೆದು ಒಂದು ಫೈಲ್ ತಂದರು. ಹನ್ನೆರಡು ವರ್ಷದ ಒಂದೊಂದು ಬಿಲ್ಲೂ ತಾರೀಖಿನ ಪ್ರಕಾರ ಪಂಚ್ ಮಾಡಿ ಪೋಣಿಸಿಟ್ಟಿದ್ದಾರೆ. ವೈಪರ್ ರಬ್ಬರಿನ ಬಿಲ್ಲು ಕೂಡ. ನಾನು ಅಲ್ಲೇ ಅರ್ಧ ಸೋತೆ.

ಆ ಫೈಲಿನಲ್ಲೇ ಒಂದು ಕೆಟ್ಟ ಸುದ್ದಿಯೂ ಇತ್ತು. ವಾಲ್ವು, ಪಿಸ್ಟನ್ ಎರಡನ್ನೂ ಒಂದೇ ತಾಳದಲ್ಲಿ ಇಡುವ ಟೈಮಿಂಗ್ ಬೆಲ್ಟ್ ಬದಲಾಯಿಸಿದ್ದು 2017ರಲ್ಲಿ. ಈ ಎಂಜಿನ್‌ನಲ್ಲಿ ಚೈನ್ ಅಲ್ಲ, ರಬ್ಬರ್ ಬೆಲ್ಟು. ಅದು ಹರಿದರೆ ವಾಲ್ವು ಪಿಸ್ಟನ್‌ಗೆ ಬಡಿದು ಹೆಡ್ ಬಿಚ್ಚಬೇಕಾಗುತ್ತದೆ. ಕಿಲೋಮೀಟರ್ ಕಮ್ಮಿ ಓಡಿದೆ ಅನ್ನೋದು ಸಮಾಧಾನವಲ್ಲ, ರಬ್ಬರು ನಿಂತಲ್ಲೇ ಮುದಿಯಾಗುತ್ತದೆ. ಹಳೇ ಟರ್ಬೊ ಫಿಯಟ್ ಕೊಳ್ಳುವವರು ಬೆಲ್ಟ್ ಬಿಲ್ಲು ಕಣ್ಣಾರೆ ಕಾಣದಿದ್ದರೆ ಬೆಲ್ಟು ಮುಗಿದಿದೆ ಅಂತಲೇ ಲೆಕ್ಕ ಹಾಕಿ. ಬೆಲ್ಟ್ ಜೊತೆಗೆ ಟೆನ್ಷನರ್ರು, ಅದೇ ಬೆಲ್ಟಿಂದ ತಿರುಗುವ ವಾಟರ್ ಪಂಪು. ಮೂರನ್ನೂ ಒಟ್ಟಿಗೆ ಮಾಡಿಸದೆ ಬೇರೆ ದಾರಿಯಿಲ್ಲ.

ಅಬಾರ್ತ್ ಓಡಿಸಿದ್ದು ನೆಲಮಂಗಲದ ಕಡೆಗೆ, ಭಾನುವಾರ ಬೆಳಿಗ್ಗೆ ಆರೂವರೆಗೆ. ಎರಡು ಸಾವಿರ ಆರ್‌ಪಿಎಂ (ಎಂಜಿನ್ ನಿಮಿಷಕ್ಕೆ ಸುತ್ತುವ ಸುತ್ತು) ಕೆಳಗೆ ನಿದ್ದೆಗಣ್ಣು. ಅದು ದಾಟಿದ ಮೇಲೆ ಹಿಂದಿನಿಂದ ಯಾರೋ ಬೆನ್ನಿಗೆ ಕೈ ಹಾಕಿ ತಳ್ಳಿದಂತೆ ಹೋಗುತ್ತದೆ. ಸ್ಟೀರಿಂಗ್ ಭಾರ, ಆದರೆ ರಸ್ತೆಯ ಒಂದೊಂದು ಕಲ್ಲನ್ನೂ ಕೈಗೆ ಹೇಳುತ್ತದೆ. ನಾನು ನಗುತ್ತಿದ್ದೆ ಅನ್ನೋದು ನನಗೆ ಗೊತ್ತಾಗಿದ್ದು ಹುಡುಗ ಹೇಳಿದಾಗ. "ಅಂಕಲ್, ಎಲ್ರೂ ಇಲ್ಲೇ ನಗೋದು" ಅಂದ. ನಾಲ್ಕನೇ ಗೇರಿನಲ್ಲಿ ಪೂರ್ತಿ ಒತ್ತಿದಾಗ ಮಾತ್ರ ಒಂದು ವಿಷಯ ಕಣ್ಣಿಗೆ ಬಿತ್ತು. ಆರ್‌ಪಿಎಂ ಮುಳ್ಳು ಒಂದು ಕ್ಷಣ ಮೇಲೆ ಹಾರಿತು, ಸ್ಪೀಡು ಅಷ್ಟು ಬೇಗ ಹಿಂಬಾಲಿಸಲಿಲ್ಲ. ಕ್ಲಚ್ ಜಾರುತ್ತಿದೆ. ಕೇಳಿದೆ. ಅವನು ಮುಚ್ಚಿಡಲಿಲ್ಲ: "ಇಸಿಯು ಮ್ಯಾಪ್ ಮಾಡ್ಸಿದೀನಿ ಅಂಕಲ್, ಪವರ್ ಜಾಸ್ತಿ ಆಗಿದೆ." ಅಂದರೆ ಎಂಜಿನ್ನಿನ ಕಂಪ್ಯೂಟರ್ ಸೆಟಿಂಗ್ ಬದಲಿಸಿದ್ದ. ಪವರ್ ಜಾಸ್ತಿ ಆಗಿತ್ತು, ಕ್ಲಚ್ ಕಂಪನಿಯದೇ ಇತ್ತು.

ವಾಪಸ್ ಬಂದು ಟೇಪ್ ಹಿಡಿದು ನೆಲದಿಂದ ಎತ್ತರ ನೋಡಿದೆ. ಅಬಾರ್ತ್‌ಗೆ ಕಂಪನಿ ಹೇಳುವುದು 155 ಮಿಲಿಮೀಟರ್, ಒಂದು ಗೇಣಿಗೂ ಕಮ್ಮಿ. ನಮ್ಮ ತೋಟ ಗುಬ್ಬಿ ತಾಲ್ಲೂಕಿನ ಒಳಗಿದೆ. ಆ ದಾರಿಯಲ್ಲಿ ಊರ ಹುಡುಗರು ತಾವೇ ಸಿಮೆಂಟ್ ಕಲಸಿ ಹಾಕಿದ ಹಂಪುಗಳಿವೆ, ಪಿಡಬ್ಲ್ಯುಡಿಗೂ ಅವಕ್ಕೂ ಸಂಬಂಧವಿಲ್ಲ. ವಾರಕ್ಕೆ ಎರಡು ಸಲ ಚೇಳಿನ ಹೊಟ್ಟೆ ತರಚುತ್ತದೆ ಅಂತ ಅಲ್ಲೇ ಲೆಕ್ಕ ಹಾಕಿದೆ.

ಆ ರಾತ್ರಿ ನಿದ್ದೆ ಬರಲಿಲ್ಲ. ಎರಡರ ಅಂಕಿಗಳನ್ನು ಅಂಗಡಿಯ ರಸೀದಿ ಪುಸ್ತಕದ ಹಿಂದೆ ಬರೆದೆ. ಅಬಾರ್ತ್ 145 ಎಚ್‌ಪಿ, 212 ಎನ್‌ಎಂ ಟಾರ್ಕ್, ಅಂದರೆ ತಿರುಗಿಸುವ ಬಲ. ಲಿನಿಯಾ 112 ಎಚ್‌ಪಿ, 207 ಎನ್‌ಎಂ. ಎಚ್‌ಪಿಯಲ್ಲಿ 33 ಫರಕ್ಕು, ಟಾರ್ಕ್‌ನಲ್ಲಿ ಬರೀ ಐದು. ಇದು ನನ್ನ ಕಸುಬಿನ ಲೆಕ್ಕ. ರೈತರು ಅಂಗಡಿಗೆ ಬಂದು, "ಅಣ್ಣ, ಹತ್ತು ಎಚ್‌ಪಿದೇ ಇಳ್ಸಣ" ಅಂತಾರೆ. ನಾನು ಮೊದಲು ಕೇಳೋದು, ಬೋರಲ್ಲಿ ಎಷ್ಟಿಂಚು ನೀರೈತೆ ಅಂತ. ಒಂದೂವರೆ ಇಂಚಿನ ಬೋರಿಗೆ ಹತ್ತು ಎಚ್‌ಪಿ ಇಳಿಸಿದರೆ ನೀರು ಹೆಚ್ಚೇನೂ ಬರಲ್ಲ. ಬೋರು ಬೇಗ ಬತ್ತುತ್ತದೆ, ಮೋಟರ್ ನೀರಿಲ್ಲದೆ ಓಡಿ ಸುಟ್ಟು ನನ್ನ ಅಂಗಡಿಗೇ ಬರುತ್ತದೆ.

ಕಾರಲ್ಲಿ ಎಚ್‌ಪಿ ಅಂದರೆ ಟಾರ್ಕನ್ನು ಆರ್‌ಪಿಎಂನಿಂದ ಗುಣಿಸಿದ್ದು. ಕೆಳಗಿನ ಆರ್‌ಪಿಎಂನಲ್ಲಿ ಟಾರ್ಕು ಹೆಚ್ಚುಕಮ್ಮಿ ಸಮ ಇದ್ದರೆ ಅಲ್ಲಿ ಎರಡರ ಎಳೆತವೂ ಹೆಚ್ಚುಕಮ್ಮಿ ಸಮ. ಆ 33 ಕುದುರೆಗಳು ಎದ್ದು ನಿಲ್ಲೋದು ಮೇಲೆ, ಮುಳ್ಳು ನಾಲ್ಕೂವರೆ ಐದು ಸಾವಿರದ ಕಡೆ ಹೋದಾಗ. ಹೈವೇನಲ್ಲಿ ಮೇಲಿನ ಗೇರಿನಲ್ಲಿ ಅಷ್ಟು ತಿರುಗಿಸಿದರೆ ಕಾನೂನಿನ ನೂರು ಯಾವಾಗಲೋ ಹಿಂದೆ ಬಿದ್ದಿರುತ್ತದೆ. ನಾನು ಖುಷಿಗೆ ಕಾರು ಓಡಿಸೋದು ಎಲ್ಲಿ? ಬೆಳಿಗ್ಗೆ ನಾಮದ ಚಿಲುಮೆ ದಾಟಿ ದೇವರಾಯನದುರ್ಗದ ಬೆಟ್ಟ ಹತ್ತುವಾಗ. ಅಲ್ಲಿ ಎರಡು, ಮೂರನೇ ಗೇರು, ಎರಡೂವರೆ ಸಾವಿರದ ಆಸುಪಾಸು. ಲಿನಿಯಾಕ್ಕೆ ಪೂರ್ತಿ ಟಾರ್ಕ್ ಸಿಗೋದು 2200 ಆರ್‌ಪಿಎಂಗೆ. ನನ್ನ ಬೋರಿಗೆ ಇಷ್ಟು ಇಂಚು ಸಾಕು.

ಹಾಗಂತ ಎರಡೂ ಒಂದೇ ಅಂತ ನಾನು ಹೇಳುತ್ತಿಲ್ಲ. ಮೇಲೆ ಒತ್ತಿದಾಗ ಅಬಾರ್ತ್ ಬೇರೆಯೇ ಪ್ರಾಣಿ. ನಿಂತಲ್ಲಿಂದ ನೂರಕ್ಕೆ 8.8 ಸೆಕೆಂಡು ಅಂತ ಕಂಪನಿ ಹೇಳಿಕೊಂಡಿತ್ತು. ಲಿನಿಯಾಕ್ಕೆ ಅದರ ಹಿಂದೆ ಓಡುವ ಶಕ್ತಿ ಇಲ್ಲ.

ಇನ್ನು ದುಡ್ಡು. ಹುಡುಗ 5.85ಕ್ಕೆ ಇಳಿದ. ಕೊಂಡರೆ ಕೈಯಲ್ಲಿ ಉಳಿಯೋದು ಹದಿನೈದು ಸಾವಿರ. ಕ್ಲಚ್ ಮಾಡಿಸಬೇಕು, ಬ್ಯಾಂಕಿನ ಸಾಲ ಇನ್ನೂ ಆರ್‌ಸಿಯಿಂದ ಇಳಿದಿರಲಿಲ್ಲ, ಸಾಲ ತೀರಿದ್ದಕ್ಕೆ ಬ್ಯಾಂಕು ಕೊಡುವ ಫಾರಂ 35 ಸಹಿ ಆಗಿ ಬರೋವರೆಗೆ ಕಾಯಬೇಕು. ಲಿನಿಯಾ ಗೇಟಿನ ಪಟ್ಟಿಯ ಲೆಕ್ಕದಲ್ಲಿ 2.25ಕ್ಕೆ ಬಂತು. ಅದರ ಎದುರು ಒಂದು ಕೊರತೆ ಮಾತ್ರ ದೊಡ್ಡದು. ಆರ್‌ಸಿ ಹದಿನೈದು ವರ್ಷಕ್ಕೆ, ಅಂದರೆ 2027ಕ್ಕೆ ಮುಗಿಯುತ್ತದೆ. ಆಮೇಲೆ ಎಫ್‌ಸಿ ಮಾಡಿಸಿ ನವೀಕರಿಸಬೇಕು, ಕೇಂದ್ರದ ನವೀಕರಣ ಶುಲ್ಕವೇ 2022ರಿಂದ ಐದು ಸಾವಿರ, ಅದರ ಮೇಲೆ ಗ್ರೀನ್ ಟ್ಯಾಕ್ಸು. ಅಬಾರ್ತ್‌ಗೆ 2031ರವರೆಗೆ ಆ ತಾಪತ್ರಯವಿಲ್ಲ. ಥರ್ಡ್ ಪಾರ್ಟಿ ಇನ್ಶೂರೆನ್ಸು ಎರಡಕ್ಕೂ ಒಂದೇ, 1500 ಸಿಸಿ ಒಳಗಿನ ಸ್ಲ್ಯಾಬು.

ಮನೆಯಲ್ಲಿ ಹೇಳಿದೆ. "ಏನ್ರೀ, ಆ ಬಿಳೀದು ಓಡ್ಸಿ ಬಂದಾಗ ಮುಖ ಬೆಳ್ಳಗಿತ್ತು, ಈಗ ಲೆಕ್ಕ ಹೇಳ್ತಿದೀರಲ್ಲ" ಅಂದಳು. ಉತ್ತರ ಇರಲಿಲ್ಲ. ಮರುದಿನ ತಿಪಟೂರಿಗೆ ಬಸ್ ಹತ್ತಿದೆ. ಗಾಡಿ ನನ್ನ ಹೆಸರಿಗೆ ಮಾಡಿಸುವ ಫಾರಂ 29, 30ಕ್ಕೆ ಮೇಷ್ಟ್ರು ಫೌಂಟನ್ ಪೆನ್ನಿನಲ್ಲಿ ಸಹಿ ಹಾಕಿದರು. ಕೀ ಕೊಡುವಾಗ, "ಮೊದಲನೇ ಗೇರಿಗೆ ಹಾಕೋವಾಗ ಅವಸರ ಮಾಡಬೇಡ" ಅಂದು ಒಳಗೆ ಹೋದವರು ಗೇಟಿನ ತನಕವೂ ಬರಲಿಲ್ಲ.

ಮೊದಲ ತಿಂಗಳೇ ಬೆಲ್ಟು, ಟೆನ್ಷನರ್, ವಾಟರ್ ಪಂಪು, ಟಕಟಕ ಅನ್ನುತ್ತಿದ್ದ ಎರಡು ಲೋಯರ್ ಆರ್ಮು, ಮುಂದಿನ ಸಸ್ಪೆನ್ಷನ್ ಮೌಂಟು, 16 ಇಂಚಿನ ನಾಲ್ಕು ಟೈರು, ಎಲ್ಲಾ ಆಯಿಲ್ಲು. ಒಂದು ಲಕ್ಷದ ಐದು ಸಾವಿರ ಆಯಿತು. ಹಳೇ ಟೈರು ನೋಡಲು ಚೆನ್ನಾಗಿದ್ದವು. ಆದರೆ ಪಕ್ಕದಲ್ಲಿ ಒತ್ತಿದ ನಾಲ್ಕು ಅಂಕಿ 2217 ಅಂತಿತ್ತು, 2017ರ 22ನೇ ವಾರದ ಸರಕು. ಇಷ್ಟಾದ ಮೇಲೂ ಎರಡೂವರೆ ಲಕ್ಷಕ್ಕೂ ಮೇಲೆ ಉಳಿಯಿತು. ಗಾಡಿ ಹೊಸದಾಗಲಿಲ್ಲ, ಡ್ಯಾಶ್‌ಬೋರ್ಡಿನ ಬಟನ್ನುಗಳು ಈಗಲೂ ಬೆರಳಿಗೆ ಅಂಟುತ್ತವೆ, ಕ್ಲಚ್ ಒತ್ತಿ ಒತ್ತಿ ಎಡಗಾಲಿನ ಮೀನಖಂಡ ಗಟ್ಟಿಯಾಗಿದೆ. ಡಿಕ್ಕಿ ಮಾತ್ರ 500 ಲೀಟರ್. ಐದು ಎಚ್‌ಪಿ ಮೋಟರ್ ಅಡ್ಡಡ್ಡ ಮಲಗುತ್ತದೆ.

ಮೂರನೇ ತಿಂಗಳು ದುರ್ಗದ ಬೆಟ್ಟದ ಅರ್ಧದಲ್ಲಿ ಟೆಂಪರೇಚರ್ ಮುಳ್ಳು ಏರಿತು. ತಕ್ಷಣ ನಿಲ್ಲಿಸಿದೆ, ಅದೇ ಉಳಿಸಿದ್ದು. ಥರ್ಮೋಸ್ಟಾಟ್ ಹತ್ತಿರ ಕೂಲೆಂಟ್ ಸೋರಿತ್ತು. ಇಲ್ಲಿ ನಾನು ಕೊಳ್ಳುವ ಮೊದಲು ಸರಿಯಾಗಿ ಯೋಚಿಸದ ವಿಷಯ ಎದುರಾಯಿತು. ಫಿಯಟ್‌ನ 1.3 ಡೀಸೆಲ್ ಎಂಜಿನ್ ಸ್ವಿಫ್ಟ್, ಡಿಸೈರ್, ಇಂಡಿಕಾ ವಿಸ್ಟಾಗಳಲ್ಲೆಲ್ಲ ಕೂತಿತ್ತು, ಅದರ ಸಾಮಾನು ಹಳ್ಳಿಯಲ್ಲೂ ಸಿಗುತ್ತದೆ. ಪೆಟ್ರೋಲ್ ಟಿ-ಜೆಟ್‌ಗೆ ಆ ಬಳಗವಿಲ್ಲ. 2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬರುವ ಹೊತ್ತಿಗೆ ಫಿಯಟ್ ಹೆಸರಿನ ಕಾರುಗಳು ಇಲ್ಲಿ ನಿಂತೇ ಹೋಗಿದ್ದವು. ಬೆಂಗಳೂರಿನ ಒಂದು ಅಂಗಡಿಯವರು ದುಡ್ಡು ಮೊದಲೇ ಹಾಕಿಸಿಕೊಂಡು ಡೀಸೆಲ್ ಎಂಜಿನ್ನಿನ ಥರ್ಮೋಸ್ಟಾಟ್ ಕಳಿಸಿದರು. ವಾಪಸ್ ಕಳಿಸಿ, ಜಗಳವಾಡಿ, ಸರಿಯಾದ್ದು ಬರೋಕೆ ಐದು ವಾರ. ಅಷ್ಟು ದಿನ ಲೂನಾದಲ್ಲಿ ಓಡಾಡಿದೆ. ಬಾಮೈದ ಏನೂ ಅನ್ನಲಿಲ್ಲ, ಅದೇ ಹೆಚ್ಚು ಚುಚ್ಚಿತು. ಅಬಾರ್ತ್ ಕೊಂಡಿದ್ದರೂ ಇದೇ ಎಂಜಿನ್, ಇದೇ ಕಾಯುವಿಕೆ. ಜೇಬಲ್ಲಿ ಮಾತ್ರ ಹದಿನೈದು ಸಾವಿರ ಇರುತ್ತಿತ್ತು.

ಅಬಾರ್ತ್ ಹುಡುಗ ಯುಗಾದಿಗೆ ಮೆಸೇಜ್ ಮಾಡಿದ್ದ. ಗಾಡಿ ಚಿಕ್ಕಬಳ್ಳಾಪುರದ ಕಡೆಯವರು ಯಾರೋ ಕೊಂಡರಂತೆ, ನಂದಿ ಬೆಟ್ಟ ಹತ್ತಿಸುತ್ತಾರಂತೆ, ವಿಡಿಯೋ ಕಳಿಸಿದ್ದ. ಸೌಂಡ್ ಇಟ್ಟು ಎರಡು ಸಲ ನೋಡಿದೆ.

ಐದು ವಾರದ ಮೇಲೆ ಒಂದು ಬುದ್ಧಿ ಮಾಡಿದೆ. ಉಳಿದ ದುಡ್ಡಿನಲ್ಲಿ ಇನ್ನೊಂದು ಬೆಲ್ಟ್ ಕಿಟ್ಟು, ಇಗ್ನಿಷನ್ ಕಾಯಿಲ್ಲು, ಥರ್ಮೋಸ್ಟಾಟು, ಎರಡು ಟರ್ಬೊ ಪೈಪು ತರಿಸಿ ಅಂಗಡಿಯ ಮೇಲಿನ ರ‍್ಯಾಕಿನಲ್ಲಿ, ತಾಮ್ರದ ತಂತಿಯ ಸುರುಳಿಗಳ ಹಿಂದೆ ಇಟ್ಟಿದ್ದೇನೆ. ಮೊನ್ನೆ ಸಿಎಸ್ ಪುರದಿಂದ ಮೋಟರ್ ತಂದ ರೈತರೊಬ್ಬರು ಅದನ್ನು ನೋಡಿ, "ಇದ್ಯಾವ ಮೋಟರ್‌ದಣ್ಣ ಬೆಲ್ಟು?" ಅಂದರು. ಹೊರಗೆ ನಿಂತಿದ್ದ ಗಾಡಿ ತೋರಿಸಿದೆ. ಅವರು ಸುತ್ತ ಒಂದು ಸುತ್ತು ಬಂದು, ಬಾಗಿ ಹೊಟ್ಟೆ ನೋಡಿ, "ಎಷ್ಟು ಎಚ್‌ಪಿ?" ಅಂದರು.