ತಗ್ಗಿಸಿದ ಕಾರು, ಒಳಗೊಳಗೇ ಸವೆದ ಟಯರು
ಸ್ಪ್ರಿಂಗ್ ಬದಲಿಸಿ ಕಾರನ್ನು 35 ಮಿಲಿಮೀಟರ್ ತಗ್ಗಿಸಿದ ಮೇಲೆ, ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾಕ್ಕೆ ಓಡಾಡುತ್ತಿದ್ದ ನನಗೆ, ಮುಂದಿನ ಟಯರುಗಳ ಒಳಅಂಚು ನುಣ್ಣಗಾಗಿದ್ದು ತಿಳಿದದ್ದು ಮಳೆಯಲ್ಲಿ ಚಕ್ರ ಜಾರಿದಾಗಲೇ. ಹೊರಗಿನಿಂದ ಅವು ಹೊಸದರಂತೆಯೇ ಕಾಣುತ್ತಿದ್ದವು. ಚಕ್ರದ ಮೇಲ್ಭಾಗ ಒಳಕ್ಕೆ ವಾಲುವ ಕ್ಯಾಂಬರನ್ನೇ ಮೊದಲು ದೂರಿದೆನಾದರೂ, ಅಳೆಸಿದಾಗ ಹೆಚ್ಚಿನ ದೋಷ ಟೋದಲ್ಲಿ, ಅಂದರೆ ಮೇಲಿನಿಂದ ನೋಡಿದಾಗ ಚಕ್ರಗಳ ಮುಂಭಾಗ ಒಳಕ್ಕೋ ಹೊರಕ್ಕೋ ತಿರುಗಿರುವ ಕೋನದಲ್ಲಿ, ಇತ್ತು. ಕಾರು ತಗ್ಗಿದಾಗ ಸ್ಟಿಯರಿಂಗನ್ನು ಚಕ್ರಕ್ಕೆ ಜೋಡಿಸುವ ಟೈ ರಾಡಿನ ಕೋನ ಬದಲಾಗಿ ಎರಡೂ ಚಕ್ರಗಳ ಮುಂಭಾಗ ಹೊರಕ್ಕೆ ತಿರುಗಿದ್ದರಿಂದ, ನೇರ ರಸ್ತೆಯಲ್ಲಿಯೂ ರಬ್ಬರು ಉಜ್ಜಿಕೊಳ್ಳುತ್ತಿತ್ತು. ಚಕ್ರವನ್ನು ಹಿಡಿದಿರುವ ಸಸ್ಪೆನ್ಷನ್ ಕಂಬವಾದ ಸ್ಟ್ರಟ್ಟಿಗೆ, ವಾಲಿಕೆ ಹೊಂದಿಸುವ ಕ್ಯಾಂಬರ್ ಬೋಲ್ಟ್ ಹಾಕಿಸಿ ವಾಲಿಕೆಯನ್ನು ಸುಮಾರು 1 ಡಿಗ್ರಿಗೆ ಇಳಿಸಿ, ಆಮೇಲೆ ಟೋವನ್ನು ಹೆಚ್ಚುಕಡಿಮೆ ಸೊನ್ನೆಗೆ ತಂದೆವು. ಕ್ಯಾಂಬರ್ ಕದಲಿಸಿದರೆ ಟೋ ಕೂಡ ಕದಲುವುದರಿಂದ ಈ ಕ್ರಮವನ್ನು ತಿರುವುಮುರುವು ಮಾಡುವಂತಿಲ್ಲ. ಸವೆದ ಟಯರುಗಳನ್ನು ಮಾತ್ರ ಉಳಿಸಿಕೊಳ್ಳಲಾಗಲಿಲ್ಲ.