ಬಾ, ಇಲಿ, ಅಳಿಲು, ಗಿಳಿಮರಿ: ಪುಟ್ಟ ಮಕ್ಕಳಿಗೆ ಸಂಗೀತ ಹೇಳಿಕೊಡಲು ಹೋಗಿ ನಾನು ಕಲಿತದ್ದು

ಮೊದಲ ದಿನ 45 ನಿಮಿಷದ ಪಾಠ ಬರೆದುಕೊಂಡು ಹೋಗಿದ್ದೆ. ಮೂರರಿಂದ ಐದು ವರ್ಷದ 11 ಮಕ್ಕಳು. ಆರನೇ ನಿಮಿಷಕ್ಕೆ ಎಲ್ಲಾ ಮುಗಿಯಿತು. ಬರೆದುಕೊಂಡದ್ದು ಮುಗಿಯಿತು ಅಂತಲ್ಲ, ಕೇಳಿಸಿಕೊಳ್ಳೋರು ಯಾರೂ ಉಳಿದಿರಲಿಲ್ಲ. ಇಬ್ಬರು ಕಿಟಕಿ ಹತ್ತಿರ ನಿಂತಿದ್ದರು. ಒಬ್ಬಳು ನನ್ನ ಚೀಲದೊಳಗೆ ಕೈ ಹಾಕಿ ಏನೋ ಹುಡುಕುತ್ತಿದ್ದಳು. ಒಬ್ಬ ಡ್ರಮ್ ಮೇಲೆ ಕುಳಿತು ಅದನ್ನು ಸ್ಟೂಲ್ ಮಾಡಿಕೊಂಡಿದ್ದ. ಮಿಕ್ಕವರು ಕೋಣೆ ಸುತ್ತ ಓಡುತ್ತಿದ್ದರು.

ಅದಕ್ಕೆ ಮುಂಚೆ ನಾನು ದೊಡ್ಡ ಮಕ್ಕಳಿಗೆ ವರ್ಷಗಟ್ಟಲೆ ಹೇಳಿಕೊಟ್ಟಿದ್ದೆ. ಅದೇ ಪಾಠವನ್ನು ಚಿಕ್ಕದು ಮಾಡಿದರೆ ಚಿಕ್ಕ ಮಕ್ಕಳಿಗೆ ಸರಿಹೋಗುತ್ತದೆ ಅಂದುಕೊಂಡಿದ್ದೆ. ಸಾಲಾಗಿ ಕೂರಿಸಿ, ನಾನು ಹಾಡಿ, ಅವರಿಂದ ಹಾಡಿಸಿ, ತಪ್ಪಾದರೆ ತಿದ್ದಿ, ಮುಂದಿನ ಸಾಲು. ನಾನೇ ಕಲಿತದ್ದು ಹಾಗೆ, ಬೇರೆ ದಾರಿ ಗೊತ್ತಿರಲಿಲ್ಲ.

ಎರಡನೇ ವಾರವೂ ಅದೇ ಕಥೆ. ಮೂರನೇ ವಾರ ನನಗೆ ಸಾಕಾಗಿ, ಒಂದು ಮೂಲೆಯಲ್ಲಿ ಕೈಡ್ರಮ್ ಹಿಡಿದು ಕುಳಿತೆ. ಡ್ರಮ್ ಮೇಲೆ ಕೂರುತ್ತಿದ್ದ ಆ ಹುಡುಗ ಈಗ ಗೋಡೆ ಪಕ್ಕದಲ್ಲೇ ಸುತ್ತು ಹಾಕುತ್ತಿದ್ದ. ಸುಮ್ನೆ, ಮಾಡೋಕೆ ಬೇರೇನೂ ಇಲ್ಲದೆ, ಅವನ ಹೆಜ್ಜೆಗೆ ಸರಿಯಾಗಿ ಡ್ರಮ್ ತಟ್ಟತೊಡಗಿದೆ. ನಾಲ್ಕೈದು ಹೆಜ್ಜೆ ಆದಮೇಲೆ ಅವನು ಗಕ್ಕನೆ ನಿಂತ. ನಾನೂ ನಿಲ್ಲಿಸಿದೆ. ನನ್ನ ಕಡೆ ತಿರುಗಿ ನೋಡಿದ. ಒಂದು ಹೆಜ್ಜೆ ಇಟ್ಟ. ಒಂದು ಪೆಟ್ಟು ಹೊಡೆದೆ. ಇನ್ನೊಂದು ಹೆಜ್ಜೆ, ಇನ್ನೊಂದು ಪೆಟ್ಟು. ಆಮೇಲೆ ಬೇಕಂತಲೇ ಒಂಟಿ ಕಾಲಲ್ಲಿ ಎಷ್ಟೋ ಹೊತ್ತು ನಿಂತ, ನಾನು ತಪ್ಪುತ್ತೇನಾ ಅಂತ ನೋಡೋಕೆ. ಐದು ನಿಮಿಷದೊಳಗೆ ಮಿಕ್ಕ 10 ಮಕ್ಕಳೂ ಅವನ ಹಿಂದೆ ನಿಂತಿದ್ದರು, ತಮ್ಮ ಸರದಿಗೆ.

ಆ ರಾತ್ರಿ ಮತ್ತೆ ಓದಲು ಕುಳಿತೆ. ಡಾಲ್‌ಕ್ರೋಜ್ ಹೆಸರು ತರಬೇತಿಯಲ್ಲಿ ಕೇಳಿದ್ದೆ, ಪರೀಕ್ಷೆಗೆ ಬರೆದೂ ಇದ್ದೆ, ತಲೆಗೆ ಹೋಗಿರಲಿಲ್ಲ ಅಷ್ಟೆ. ಎಮಿಲ್ ಜಾಕ್ಸ್-ಡಾಲ್‌ಕ್ರೋಜ್ 1892ರಿಂದ ಜಿನೀವಾದ ಸಂಗೀತ ಶಾಲೆಯಲ್ಲಿ ಪಾಠ ಹೇಳುತ್ತಿದ್ದವರು. ವಾದ್ಯ ಹಿಡಿದರೆ ಲಯ ತಪ್ಪುವ ವಿದ್ಯಾರ್ಥಿಗಳು ನಡೆಯುವಾಗ ತಪ್ಪುವುದಿಲ್ಲ ಅನ್ನೋದನ್ನು ಗಮನಿಸಿ, ಲಯವನ್ನು ಮೈಯಿಂದಲೇ ಶುರು ಮಾಡಿದರು. ನಾನು ಮಾಡಿದ್ದು ಅದರ ಒಂದು ಚೂರು, ಅದೂ ಬೇಜಾರಾಗಿ ಕುಳಿತಾಗ.

ಇನ್ನೊಂದು ವಿಷಯ ಆಮೇಲೆ ಹೊಳೆಯಿತು. ಮಕ್ಕಳ ನಡಿಗೆಯನ್ನು ಒಮ್ಮೆ ಮೆಟ್ರೊನೋಮ್ (ತಾಳದ ವೇಗ ಅಳೆಯುವ ಯಂತ್ರ) ಇಟ್ಟು ನೋಡಿದೆ. ಹೆಚ್ಚಿನವರು ನಿಮಿಷಕ್ಕೆ 130 ಹೆಜ್ಜೆಯ ಆಸುಪಾಸು. ನಾನು ತಾಳ ಹಾಕುತ್ತಿದ್ದದ್ದು 80ಕ್ಕೆ. ಚಿಕ್ಕವರಲ್ವಾ, ನಿಧಾನವಾಗಿ ಹೇಳಿಕೊಡಬೇಕು ಅಂತ ನನ್ನ ಲೆಕ್ಕ. ಆದರೆ ಕಾಲು ಗಿಡ್ಡ, ಹೆಜ್ಜೆ ಚುರುಕು. ನಿಧಾನ ತಾಳಕ್ಕೆ ನಡೆಯಬೇಕೆಂದರೆ ಒಂದು ಹೆಜ್ಜೆಗೂ ಇನ್ನೊಂದಕ್ಕೂ ನಡುವೆ ಒಂಟಿ ಕಾಲಲ್ಲಿ ತೂಕ ಹಿಡಿದು ನಿಲ್ಲಬೇಕು, ಅದು ಮೂರು ವರ್ಷದ ಮಗುವಿಗೆ ಸರ್ಕಸ್. ಈಗ ನಾನು ಅವರ ವೇಗಕ್ಕೆ ಬಾರಿಸುತ್ತೇನೆ. ಅವರು ನನ್ನ ವೇಗಕ್ಕೆ ಬರೋದು ತಿಂಗಳುಗಳಾದ ಮೇಲೆ, ಅದೂ ಆಟ ಅಂತ. ಆಮೆ ನಡಿಗೆ, ಆನೆ ನಡಿಗೆ ಅಂದರೆ ನಿಧಾನಕ್ಕೆ ಬರುತ್ತಾರೆ, ‘ನಿಧಾನ’ ಅಂದರೆ ಬರಲ್ಲ.

ಶ್ರುತಿಯಲ್ಲೂ ಇದೇ ತಪ್ಪು. ಇದನ್ನು ಹೇಳೋಕೆ ನಾಚಿಕೆ. ಒಬ್ಬ ಹುಡುಗಿ ಹಾಡಿದರೆ ಒಂದೇ ಸ್ವರದಲ್ಲಿ ಗುಂಯ್ ಅನ್ನುತ್ತಿದ್ದಳು, ಮಾತಾಡಿದ ಹಾಗೆ. ಇವಳಿಗೆ ಕಿವಿ ಇಲ್ಲ ಅಂತ ಮನಸ್ಸಿನಲ್ಲೇ ಬರೆದು ಹಾಕಿದ್ದೆ. ಒಂದು ದಿನ ಬೇರೆ ಮಗು ಅವಳ ಚಪ್ಪಲಿ ಹಾಕಿಕೊಂಡು ಓಡಿತು, ಇವಳು ಅದರ ಹೆಸರು ಹಿಡಿದು ದೂರದಿಂದ ಕೂಗಿದಳು. ಎರಡು ಸ್ವರ, ಮೇಲಿನಿಂದ ಕೆಳಗೆ, ಕರಾರುವಾಕ್ಕಾಗಿ ಪ–ಗ. ಮತ್ತೆ ಕೂಗಿದಳು, ಮತ್ತೆ ಅದೇ. ತಡಮಾಡದೆ ಶ್ರುತಿ ತೋರಿಸುವ ಟ್ಯೂನರ್ ತೆಗೆದು ನೋಡಿದರೆ ಅವಳು ಕೂಗಿದ್ದು ನಾನು ಪಾಠ ಮಾಡುವ ಜಾಗಕ್ಕಿಂತ ಎಷ್ಟೋ ಮೇಲೆ. ನನ್ನ ಗಂಟಲಿಗೆ ಹಿತವಾದ ಜಿ ಶ್ರುತಿಯಲ್ಲಿ, ಅಂದರೆ ಪಿಯಾನೋದ ನಡು ಸಿಗಿಂತ ಕೆಳಗಿನ ಜಿಯಲ್ಲಿ ನಾನು ಷಡ್ಜ (ಸ) ಹಿಡಿಯುತ್ತಿದ್ದೆ. ಅಲ್ಲಿ ಆ ವಯಸ್ಸಿನ ಎಷ್ಟೋ ಮಕ್ಕಳಿಗೆ ದನಿಯೇ ಹೊರಡಲ್ಲ, ಮಾತಿನ ದನಿಗೆ ಇಳಿದುಬಿಡುತ್ತಾರೆ. ಅವರಿಗೆ ಸುಲಭವಾದದ್ದು ನಡು ಸಿ ಮೇಲಿನ ಡಿಯಿಂದ ಎ ವರೆಗಿನ ಐದು ಸ್ವರ. ಡಿಗೆ ಷಡ್ಜ ಇಟ್ಟೆ. ನನಗೆ ಸ್ವಲ್ಪ ಎತ್ತರ, ಅವರಿಗೆ ಸರೀ ಜಾಗ. ಆ ಹುಡುಗಿ ಆರು ವಾರದಲ್ಲಿ ಹಾಡಿದಳು. ಕಿವಿ ಇಲ್ಲದಿದ್ದದ್ದು ನನಗೆ.

ಈ ಪ–ಗ ಕೂಗನ್ನು ಜಗತ್ತಿನ ಎಷ್ಟೋ ಕಡೆ ಮಕ್ಕಳ ಆಟದಲ್ಲಿ ಕೇಳಬಹುದು. ಹಂಗೆರಿಯ ಸಂಗೀತ ಸಂಯೋಜಕ ಜೋಲ್ಟಾನ್ ಕೊಡಾಯಿ (1882–1967) ಅವರ ಹೆಸರಿನ ಪದ್ಧತಿಯಲ್ಲಿ ಮೊದಲ ಪಾಠವೇ ಇದು, ಅವರು ಸೋ–ಮಿ ಅನ್ನುತ್ತಾರೆ. ನಾನು ಈಗ ಹಾಜರಿ ತೆಗೆದುಕೊಳ್ಳೋದೇ ಇದರಲ್ಲಿ. “ಎಲ್ಲಿದ್ದೀ?” ಅಂತ ಎರಡು ಸ್ವರದಲ್ಲಿ ಕರೆಯುತ್ತೇನೆ, “ಇಲ್ಲಿದ್ದೀನಿ” ಅಂತ ಬರುತ್ತದೆ. ತಪ್ಪು ಸ್ವರದಲ್ಲಿ ಬಂದರೆ ತಿದ್ದೋದಿಲ್ಲ, ಮುಂದಿನ ಮಗುವನ್ನು ಕರೆಯುತ್ತೇನೆ. ವಾರಕ್ಕೆ ಎರಡು ಸಲ ಕೇಳಿ ಕೇಳಿ ಅದೇ ಕೂರುತ್ತದೆ.

ಲಯಕ್ಕೆ ನನ್ನದೇ ಒಂದು ದಾರಿ ಮಾಡಿಕೊಂಡಿದ್ದೇನೆ. ತಕಿಟ, ತಕಧಿಮಿ ಅಂದರೆ ಮಕ್ಕಳಿಗೆ ಒಂದೆರಡು ನಿಮಿಷ ಮಜಾ, ಆಮೇಲೆ ಕಲಸಿಹೋಗುತ್ತದೆ. ಪ್ರಾಣಿಗಳ ಹೆಸರು ಕಲಸಿಹೋಗಲ್ಲ. ಒಂದು ಪೆಟ್ಟಿನಲ್ಲಿ ಒಂದು ಅಕ್ಷರ ಅಂದರೆ ‘ಬಾ’. ಎರಡಾದರೆ ‘ಇಲಿ’. ಮೂರಕ್ಕೆ ‘ಅಳಿಲು’. ನಾಲ್ಕಕ್ಕೆ ‘ಗಿಳಿಮರಿ’. ‘ಬಾ’ ಬಿಟ್ಟರೆ ಎಲ್ಲಾ ಹ್ರಸ್ವ, ಹಾಗಾಗಿ ಅಕ್ಷರಗಳು ಸಮನಾಗಿ ಬೀಳುತ್ತವೆ. (ಮೊದಲು ‘ಆನೆ’ ಇಟ್ಟು ನೋಡಿದ್ದೆ, ದೀರ್ಘ ಬಂದು ಎಲ್ಲಾ ಕೆಟ್ಟಿತು.) ಚಿತ್ರದ ಕಾರ್ಡುಗಳನ್ನು ನೆಲದ ಮೇಲೆ ಜೋಡಿಸುತ್ತೇವೆ, ಬಾ ಬಾ ಇಲಿ ಬಾ, ಅಳಿಲು ಅಳಿಲು ಗಿಳಿಮರಿ ಬಾ, ಒಂದು ಮಗು ಕಾರ್ಡು ಬದಲಾಯಿಸುತ್ತದೆ, ಮಿಕ್ಕವರು ಹೇಳಿಕೊಂಡು ಚಪ್ಪಾಳೆ ತಟ್ಟುತ್ತಾರೆ, ಸ್ವಲ್ಪ ಹೊತ್ತಿಗೆ ಬಾಯಿ ಮುಚ್ಚಿ ಬರೀ ಚಪ್ಪಾಳೆ. ನಾಲ್ಕು ವರ್ಷದ ಒಬ್ಬ ತನಗೆ ಇನ್ನೊಂದು ಪ್ರಾಣಿ ಬೇಕು ಅಂತ ಹಟ ಹಿಡಿದ. “ಮೊಸಳೆಮರಿ” ಅಂದ. ಮೊ–ಸ–ಳೆ–ಮ–ರಿ. ಐದು ಅಕ್ಷರ, ಅಂದರೆ ಒಂದು ಪೆಟ್ಟಿನಲ್ಲಿ ಐದು ಬೀಳುವ ಖಂಡ ನಡೆ! ನಾನು ಎರಡು ವರ್ಷ ಆದಮೇಲೆ ಹೇಳಿಕೊಡಬೇಕು ಅಂದುಕೊಂಡಿದ್ದದ್ದು ಅವತ್ತೇ ನೆಲದ ಮೇಲೆ ಬಿತ್ತು, ಅವನಿಗೆ ಅದರ ಹೆಸರು ಗೊತ್ತಾಗಬೇಕಾದ ಅಗತ್ಯವೇ ಇರಲಿಲ್ಲ. ನಾನೂ ಹೇಳಲಿಲ್ಲ.

ವಾದ್ಯಗಳ ಬಗ್ಗೆ ಜಾಸ್ತಿ ಹೇಳಲ್ಲ. ಮಕ್ಕಳ ಸಂಗೀತಕ್ಕೆ ವಾದ್ಯಗಳ ದಾರಿ ಮಾಡಿದ ಜರ್ಮನಿಯ ಕಾರ್ಲ್ ಆರ್ಫ್ ಮತ್ತು ಗುನಿಲ್ಡ್ ಕೀಟ್‌ಮನ್ ಅವರ ಕೆಲಸದಿಂದ ನಾನು ತೆಗೆದುಕೊಂಡದ್ದು ಒಂದೇ ಉಪಾಯ: ಪಟ್ಟಿ ತೆಗೆಯಬಹುದಾದ ಕ್ಸೈಲೋಫೋನ್, ಅಂದರೆ ಮರದ ಪಟ್ಟಿಗಳನ್ನು ಕೋಲಿನಿಂದ ಬಾರಿಸುವ ವಾದ್ಯ. ಮ ಮತ್ತು ನಿ ಪಟ್ಟಿಗಳನ್ನು ತೆಗೆದಿಟ್ಟರೆ ಸ ರಿ ಗ ಪ ದ ಉಳಿಯುತ್ತದೆ. ಅರ್ಧ ಸ್ವರದ ಅಂತರ ಎಲ್ಲೂ ಇಲ್ಲ, ಆರು ಮಕ್ಕಳು ಆರು ರೀತಿ ಬಾರಿಸಿದರೂ ಕಿವಿಗೆ ಕಚ್ಚಲ್ಲ. ನಾನು ‘ಅದಲ್ಲ, ಇದು’ ಅನ್ನೋದು ಪೂರ್ತಿ ನಿಂತೇಹೋಯಿತು. ಕೋಲುಗಳನ್ನು ಮಾತ್ರ ಕೊನೆಯಲ್ಲಿ ಕೊಡಿ. ಕೈಯಲ್ಲಿ ಕೋಲು ಇರುವ ಮಗುವಿಗೆ ಏನನ್ನಾದರೂ ವಿವರಿಸಿ ನೋಡಿ, ಗೊತ್ತಾಗುತ್ತೆ.

ಹಾಡು ಕಲಿಸೋದರಲ್ಲಿ ದೊಡ್ಡ ಬದಲಾವಣೆ ಅಂದರೆ ಸಾಲು ಸಾಲಾಗಿ ಹೇಳಿಸೋದನ್ನು ಬಿಟ್ಟದ್ದು. ಚಿಕ್ಕ ಹಾಡನ್ನು ಪೂರ್ತಿ ಹಾಡುತ್ತೇನೆ, ಅವರು ಆಡುತ್ತಿರುವಾಗಲೇ, ಕೇಳಿ ಅಂತಲೂ ಹೇಳದೆ. ಐದಾರು ಸಲ ಆದಮೇಲೆ ಕೊನೆಯ ಪದವನ್ನು ನುಂಗಿಬಿಡುತ್ತೇನೆ. ಆ ಮೌನ ಅವರಿಗೆ ತಡೆಯೋಕಾಗಲ್ಲ. ಯಾರಾದರೂ ಒಬ್ಬರು ತುಂಬುತ್ತಾರೆ, ಬಹಳ ಸಲ ಸರಿಯಾಗಿ ಷಡ್ಜದ ಮೇಲೆ.

ಎಲ್ಲರೂ ತುಂಬಲ್ಲ. ಒಬ್ಬ ಹುಡುಗ ನಾಲ್ಕು ತಿಂಗಳು ಬಾಯಿ ಬಿಡಲಿಲ್ಲ. ಬಾಗಿಲ ಹತ್ತಿರ ಕುಳಿತು ನೋಡುತ್ತಿದ್ದ, ಅಷ್ಟೆ. ಅವನ ಅಮ್ಮನಿಗೆ ಏನು ಹೇಳೋದು ಅಂತ ನಾನು ಯೋಚಿಸುತ್ತಿದ್ದಾಗ ಅವರೇ ಫೋನಿನಲ್ಲಿ ಒಂದು ರೆಕಾರ್ಡಿಂಗ್ ಕೇಳಿಸಿದರು. ಗೊಂಬೆಗಳನ್ನು ಸಾಲಾಗಿ ಕೂರಿಸಿ ಇಡೀ ತರಗತಿ ನಡೆಸುತ್ತಿದ್ದಾನೆ! ಹಾಜರಿಯಿಂದ ಹಿಡಿದು ಎಲ್ಲಾ ಹಾಡು, ನಾನು ಕೆಮ್ಮುವ ರೀತಿಯೂ ಸೇರಿ. ಮಕ್ಕಳು ಸಂಗೀತ ಕಲಿಯುವ ಬಗೆಯನ್ನು ಅಧ್ಯಯನ ಮಾಡಿದ ಅಮೆರಿಕದ ಎಡ್ವಿನ್ ಗಾರ್ಡನ್ (1927–2015) ಹೇಳುವುದು ಇದನ್ನೇ, ಮಗು ಮೊದಲು ಹೀರಿಕೊಳ್ಳುತ್ತದೆ, ಆಮೇಲೆ ಅನುಕರಿಸುತ್ತದೆ. ಭಾಷೆಯೂ ಹಾಗೇ ಬರೋದು ಅಲ್ವಾ. ಒಂದು ವರ್ಷ ಬರೀ ಕೇಳಿಸಿಕೊಂಡ ಕೂಸನ್ನು ಯಾರೂ ಫೇಲ್ ಮಾಡಲ್ಲ.

ನನಗೆ ಕೋಪ ಬರುವ ಜಾಗ ಒಂದೇ, ಪ್ರದರ್ಶನ. ನಾನು ಕೆಲಸ ಮಾಡುತ್ತಿದ್ದ ಒಂದು ಕಡೆ ವರ್ಷಕ್ಕೊಮ್ಮೆ ವೇದಿಕೆ ಏರಲೇಬೇಕಿತ್ತು. ಎರಡು ತಿಂಗಳು ಆಟವೆಲ್ಲ ಬಂದ್, ಒಂದೇ ಹಾಡು, ಕೊನೆಗೆ ‘ಚೆನ್ನಾಗಿ ಕೇಳಲ್ಲ’ ಅಂತ ಸಿ.ಡಿ. ಹಾಕಿ ಮಕ್ಕಳಿಂದ ಬಾಯಿ ಆಡಿಸಿದರು. ಐದು ವರ್ಷದ ಒಬ್ಬಳು ಇಳಿದು ಬಂದು, “ಮಿಸ್, ನಾನು ಹಾಡಿದ್ದು ಯಾರಿಗೂ ಕೇಳಿಸ್ಲಿಲ್ವಂತೆ” ಅಂದಳು. ಅದಾದ ಮೇಲೆ ಕೆಲವು ವಾರ ತರಗತಿಯಲ್ಲೂ ಬಾಯಿ ಮಾತ್ರ ಆಡಿಸುತ್ತಿದ್ದಳು. ಆ ವರ್ಷದ ಕೊನೆಗೆ ನಾನು ಅಲ್ಲಿಂದ ಬಿಟ್ಟೆ. ಈಗ ಅಪ್ಪ ಅಮ್ಮಂದಿರನ್ನು ತಿಂಗಳಿಗೊಮ್ಮೆ ಒಳಗೇ ಕರೆಯುತ್ತೇನೆ, ನೋಡೋಕೆ ಅಲ್ಲ, ನೆಲದ ಮೇಲೆ ಕೂತು ಆಡೋಕೆ. ಜಪಾನಿನ ಶಿನಿಚಿ ಸುಜುಕಿಯವರ ವಯಲಿನ್ ಪದ್ಧತಿಯಲ್ಲಿ ಮಗುವಿಗಿಂತ ಮುಂಚೆ ದೊಡ್ಡವರೇ ಒಂದಿಷ್ಟು ಕಲಿಯಬೇಕು, ಮಗು ಅದನ್ನು ನೋಡಿ ತನಗೂ ಬೇಕು ಅಂತ ಕೇಳಬೇಕು. ನಾನು ಅಷ್ಟು ದೂರ ಹೋಗಿಲ್ಲ. ಅಳಿಲು, ಗಿಳಿಮರಿ ತಟ್ಟಿಸುತ್ತೇನೆ, ಎಂಜಿನಿಯರು ಅಪ್ಪಂದಿರು ಮೊಸಳೆಮರಿ ಬಂದ ಕೂಡಲೇ ತಪ್ಪುತ್ತಾರೆ, ಮಕ್ಕಳಿಗೆ ಹಬ್ಬ.

ಇನ್ನೂ ಬಗೆಹರಿಯದ್ದೂ ಇದೆ. ಎರಡು ವರ್ಷದವರನ್ನೂ ಐದು ವರ್ಷದವರನ್ನೂ ಒಟ್ಟಿಗೆ ಕೂರಿಸಿದರೆ ನನ್ನ ಯಾವ ಉಪಾಯವೂ ನಡೆಯಲ್ಲ. ಗುಂಪು ಎಂಟು ದಾಟಿದರೆ ಪ್ರತಿ ಮಗುವಿನ ದನಿ ನನಗೆ ಕೇಳಿಸೋದಿಲ್ಲ. ಹೊತ್ತು ಮಾತ್ರ 30 ನಿಮಿಷಕ್ಕೆ ಇಳಿಸಿದ್ದೇನೆ.

ಮೊನ್ನೆ ಒಬ್ಬರು ಮಗಳನ್ನು ಸೇರಿಸಲು ಬಂದಿದ್ದರು. ಮನೆಗೆ ಯಾವ ವಾದ್ಯ ತರಲಿ ಮೇಡಂ ಅಂತ ಕೇಳಿದರು. ಈಗಲೇ ಏನೂ ಬೇಡ, ದಿನಾ ಮಲಗುವ ಮುಂಚೆ ನೀವೇ ಏನಾದರೂ ಹಾಡಿ ಅಂದೆ. “ಅಯ್ಯೋ, ನನಗೆ ಹಾಡೋಕೆ ಬರಲ್ಲ” ಅಂತ ನಕ್ಕರು. ಮಗಳು ಅವರ ಪ್ಯಾಂಟು ಹಿಡಿದು ಪಕ್ಕದಲ್ಲೇ ನಿಂತಿದ್ದಳು.

“ಬರತ್ತಪ್ಪಾ, ಸ್ನಾನ ಮಾಡುವಾಗ ಹಾಡ್ತೀಯಲ್ಲ” ಅಂದಳು.