ತಲಪಾಡಿ ಪೆಟ್ರೋಲಿನ ಲೆಕ್ಕ: ನನ್ನ ಅನುಭವ

ನಮ್ಮ ಮನೆ ಮಂಜೇಶ್ವರದ ಹತ್ತಿರ. ಇರುವುದು ಕೇರಳದಲ್ಲಿ, ಆದರೆ ಐದಾರು ಕಿಲೋಮೀಟರ್ ಹೋದರೆ ತಲಪಾಡಿ ಗಡಿ, ಅದು ದಾಟಿದರೆ ಕರ್ನಾಟಕ. ಅಲ್ಲಿ ಪೆಟ್ರೋಲ್ ಲೀಟರಿಗೆ ಕೆಲವು ರೂಪಾಯಿ ಅಗ್ಗ. ಬಂಕಿನ ಸಾಲಿನಲ್ಲಿ ಕೆಎಲ್-14, ಅಂದರೆ ನಮ್ಮ ಕಾಸರಗೋಡು ನೋಂದಣಿಯ ಗಾಡಿಗಳೇ ಜಾಸ್ತಿ ಕಂಡರೆ ಆಶ್ಚರ್ಯವೇನಿಲ್ಲ. ಇದರಿಂದ ತಿಂಗಳ ಖರ್ಚಿನಲ್ಲಿ ನಿಜಕ್ಕೂ ಏನು ಉಳಿಯುತ್ತದೆ ಅಂತ ನಾನು ಮನೆ ಲೆಕ್ಕದ ಪುಸ್ತಕದಲ್ಲಿ ಬರೆದಿಡುತ್ತಾ ಬಂದಿದ್ದೇನೆ.

ಎರಡೂ ಕಡೆ ಅದೇ ಕಂಪನಿಗಳು, ಅದೇ ಪೆಟ್ರೋಲ್. ವ್ಯತ್ಯಾಸ ಇರುವುದು ರಾಜ್ಯಗಳ ತೆರಿಗೆಯಲ್ಲಿ. 2021ರ ನವೆಂಬರಿನಲ್ಲಿ ಕೇಂದ್ರ ಸುಂಕ ಇಳಿಸಿದಾಗ ಕರ್ನಾಟಕವೂ ತನ್ನ ಪಾಲಿನ 7 ರೂಪಾಯಿ ಇಳಿಸಿತು. ಕೇರಳ ಇಳಿಸಲಿಲ್ಲ. 2023ರ ಏಪ್ರಿಲಿನಿಂದ ಕೇರಳ ಲೀಟರಿಗೆ 2 ರೂಪಾಯಿ ಸೆಸ್ (ಹೆಚ್ಚುವರಿ ತೆರಿಗೆ) ಬೇರೆ ಹಾಕಿತು. ಆಗ ತಲಪಾಡಿಗೆ ಹೋಗುವವರಿಗೆ ಒಳ್ಳೆಯ ಕಾಲ. 2024ರ ಜೂನಿನಲ್ಲಿ ಕರ್ನಾಟಕ ಪೆಟ್ರೋಲ್ ಮೇಲಿನ ಮಾರಾಟ ತೆರಿಗೆಯನ್ನು 25.92ರಿಂದ 29.84 ಶೇಕಡಕ್ಕೆ ಏರಿಸಿತು. ಒಂದೇ ದಿನಕ್ಕೆ 3 ರೂಪಾಯಿ ಏರಿಕೆ. ಮಂಗಳೂರಿನವರು ಬೈದುಕೊಂಡರು. ನಮ್ಮ ಪುಸ್ತಕದಲ್ಲೂ ಉಳಿತಾಯದ ಅಂಕಿ ಸಣ್ಣದಾಯಿತು.

ಈಗ ಲೆಕ್ಕ ನೋಡಿ. ವ್ಯತ್ಯಾಸ ಲೀಟರಿಗೆ 4 ರೂಪಾಯಿ ಅಂತ ಇಟ್ಟುಕೊಳ್ಳೋಣ. ಸ್ಕೂಟರಿಗೆ 4 ಲೀಟರ್ ಹಾಕಿಸಿದರೆ 16 ರೂಪಾಯಿ ಉಳಿತಾಯ. ಹೋಗಿ ಬರಲು 12 ಕಿಲೋಮೀಟರ್. ಸ್ಕೂಟರ್ ಲೀಟರಿಗೆ 45 ಕಿಲೋಮೀಟರ್ ಕೊಟ್ಟರೂ ದಾರಿಗೇ 28 ರೂಪಾಯಿ ಸುಟ್ಟಿತು. ಅಂದರೆ ಅಗ್ಗದ ಪೆಟ್ರೋಲಿಗೆ ಅಂತ ಹೋಗಿ 12 ರೂಪಾಯಿ ಕೈಬಿಟ್ಟ ಹಾಗೆ. ಕಾರಿನ ಕತೆ ಸ್ವಲ್ಪ ಬೇರೆ. 30 ಲೀಟರಿಗೆ 120 ರೂಪಾಯಿ ಉಳಿದರೆ, ದಾರಿ ಖರ್ಚು ಸುಮಾರು 85. ಕೈಗೆ ಉಳಿಯುವುದು 35. ಸಾಲಿನಲ್ಲಿ ಕಾಯುವ ಹೊತ್ತಿಗೆ ಎಸಿ ಹಾಕಿ ಕೂತರೆ ಅದೂ ಇಲ್ಲ.

ಹಾಗಾಗಿ ಮನೆಯಲ್ಲಿ ಒಂದು ಕ್ರಮ ಮಾಡಿಕೊಂಡೆವು. ಪೆಟ್ರೋಲಿಗಾಗಿಯೇ ತಲಪಾಡಿಗೆ ಹೋಗುವುದಿಲ್ಲ. ಆಸ್ಪತ್ರೆಗೋ ಮದುವೆಗೋ ಮಂಗಳೂರಿಗೆ ಹೋಗುವುದು ಇದ್ದೇ ಇರುತ್ತದೆ ಅಲ್ವಾ, ವಾಪಸ್ ಬರುವಾಗ ಟ್ಯಾಂಕ್ ತುಂಬಿಸುತ್ತೇವೆ. ಆಗ 120ಕ್ಕೆ 120 ನಮ್ಮದೇ. ಸ್ಕೂಟರಿಗೆ ಊರಿನ ಬಂಕೇ ಸಾಕು.

ಊರಿನಲ್ಲೇ ಬಂಕ್ ಬದಲಿಸಿ ನೋಡಿದವರೂ ಇದ್ದಾರೆ. ಹೊಸಂಗಡಿಗೂ ಉಪ್ಪಳಕ್ಕೂ ಬೆಲೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಸಿಗುವುದಿಲ್ಲ. 2017ರ ಜೂನಿನಿಂದ ದಿನಕ್ಕೊಂದು ದರ ಎಂಬ ಪದ್ಧತಿ ಬಂದರೂ ಸರ್ಕಾರಿ ಕಂಪನಿಗಳ ಬಂಕಿನಲ್ಲಿ ದರ ಬರುವುದು ಕಂಪನಿಯಿಂದ. ಡೀಲರಿಗೆ ಲೀಟರಿನ ಮೇಲೆ ಕಮಿಷನ್. ಪಕ್ಕದವನಿಗಿಂತ ಒಂದು ರೂಪಾಯಿ ಕಡಿಮೆಗೆ ಮಾರುತ್ತೇನೆ ಅಂತ ಅವನು ಬೋರ್ಡ್ ಹಾಕುವ ಹಾಗಿಲ್ಲ. ಪೈಪೋಟಿ ಏನಿದ್ದರೂ ಗಾಳಿ, ಶೌಚಾಲಯ, ಚಿಲ್ಲರೆ, ಬೇಗ ಹಾಕಿ ಕಳಿಸುವುದು, ಇಂಥದ್ದರಲ್ಲಿ.

ಅದಕ್ಕೇ ನಾನು ದರದ ಬದಲು ಅಳತೆ ನೋಡಿ ಬಂಕ್ ಆರಿಸುತ್ತೇನೆ. ಒಂದು ಕಡೆ ಹಾಕಿಸಿದಾಗಲೆಲ್ಲ ಮೈಲೇಜ್ ಕಡಿಮೆ ಬರುತ್ತಿತ್ತು. 5 ಲೀಟರಿನ ಮುದ್ರೆ ಇರುವ ಅಳತೆ ಪಾತ್ರೆಯಲ್ಲಿ ಹಿಡಿದು ತೋರಿಸಿ ಎಂದು ಕೇಳಿದೆ. ಪ್ರತಿ ಬಂಕಿನಲ್ಲೂ ಅದು ಇರಲೇಬೇಕು, ಗ್ರಾಹಕರು ಕೇಳಿದರೆ ತೋರಿಸಲೇಬೇಕು. ಹುಡುಗ ಮ್ಯಾನೇಜರ್ ಕಡೆ ನೋಡಿದ, ಮ್ಯಾನೇಜರ್ ಗಡಿಯಾರ ನೋಡಿದರು. ಪಾತ್ರೆ ಹೊರಗೆ ಬರಲೇ ಇಲ್ಲ. ಆಮೇಲೆ ನಾನು ಆ ಕಡೆ ಹೋಗಿಲ್ಲ. ಈಗ ಹೋಗುವ ಬಂಕಿನಲ್ಲಿ ಕೇಳಿದ ಕೂಡಲೇ ತಂದು ಹಿಡಿದರು. 30 ಲೀಟರಿಗೆ ಅರ್ಧ ಲೀಟರ್ ಕಡಿಮೆ ಬಿದ್ದರೆ 50 ರೂಪಾಯಿಗಿಂತ ಜಾಸ್ತಿ ಹೋಯಿತು. ಗಡಿಯಲ್ಲಿ ಉಳಿಸಿದ್ದರ ಅರ್ಧದಷ್ಟು ಅಲ್ಲೇ ಮುಗಿಯಿತು.

ಹಾಗಂತ ಖರ್ಚು ದೊಡ್ಡದಾಗಿ ಇಳಿದದ್ದು ಇದ್ಯಾವುದರಿಂದಲೂ ಅಲ್ಲ. ಕಾರಿನಲ್ಲಿ ಮಂಗಳೂರಿಗೆ ಹೋಗಿ ಬರಲು ಸುಮಾರು 3 ಲೀಟರ್ ಬೇಕು, ಅಂದರೆ 300 ರೂಪಾಯಿ ಮೇಲೆ. ಮಂಜೇಶ್ವರದಿಂದ ಪ್ಯಾಸೆಂಜರ್ ರೈಲಿಗೆ 10 ರೂಪಾಯಿ ಟಿಕೆಟ್. ಒಬ್ಬರೇ ಹೋಗುವುದಿದ್ದರೆ ರೈಲು ಎಂದು ಹೆಂಡತಿ ಹಟ ಹಿಡಿದಳು. ತಿಂಗಳಿಗೆ ಎರಡು ಸಲ ಕಾರು ಮನೆಯಲ್ಲೇ ನಿಂತರೆ, ತಲಪಾಡಿಯಲ್ಲಿ ನಾಲ್ಕು ಸಲ ಟ್ಯಾಂಕ್ ತುಂಬಿಸಿ ಉಳಿಸುವುದಕ್ಕಿಂತ ಜಾಸ್ತಿ ಉಳಿಯುತ್ತದೆ.

ಭಾವನದು ಬೇರೆ ಲೆಕ್ಕ. ಅವರಿಗೆ ಡೀಸೆಲ್ ಪಿಕಪ್ ಇದೆ, ಅಡಿಕೆ, ತೆಂಗಿನಕಾಯಿ ಹೊತ್ತು ವಾರವಿಡೀ ಮಂಗಳೂರಿಗೆ ಓಡುತ್ತಾರೆ. ಡೀಸೆಲ್ ಎಲ್ಲ ಆಚೆಯದೇ. 2025ರ ಏಪ್ರಿಲಿನಲ್ಲಿ ಕರ್ನಾಟಕ ಡೀಸೆಲ್ ತೆರಿಗೆ ಏರಿಸಿ 2 ರೂಪಾಯಿ ಜಾಸ್ತಿಯಾದಾಗ ನನಗೆ ಮೊದಲು ಫೋನ್ ಬಂದದ್ದು ಅವರಿಂದ. "ನಿನ್ನ ಪುಸ್ತಕದಲ್ಲಿ ಇದನ್ನೂ ಬರಿ ಮಾರಾಯ," ಎಂದರು. ಬಾಡಿಗೆ ಎಷ್ಟು ಏರಿಸುವುದು ಎಂದು ಗಿರಾಕಿಗಳ ಜೊತೆ ಚೌಕಾಸಿ ಇನ್ನೂ ನಡೆದೇ ಇದೆ.